ತುಮಕೂರಿನ ಹಳೇ ಟಾಕೀಸುಗಳು: ಹಗಲಿನ ಆಟ ಯಾರಿಗಾಗಿ ಬಂತು?

ಚಿಕ್ಕಪೇಟೆಯವನು

ತುಮಕೂರಿನ ಹಳೇ ಟಾಕೀಸುಗಳ ಮಾತು ಬಂದಾಗಲೆಲ್ಲ ನಾವು ಗಾಯತ್ರಿ, ಕೃಷ್ಣ, ಪ್ರಶಾಂತ್, ಮಾರುತಿ ಅಂತ ಹೆಸರು ಹೇಳುತ್ತೇವೆ. ಯಾವ ಪಿಕ್ಚರ್ ಎಷ್ಟು ವಾರ ಓಡಿತು ಅನ್ನುವುದು ಆಮೇಲೆ ಬರುತ್ತದೆ. ಮಾತು ಅಲ್ಲಿಗೇ ನಿಂತುಬಿಡುತ್ತದೆ. ನನಗೆ ಬೇಕಾಗಿರುವುದು ಅದಕ್ಕಿಂತ ಹಿಂದಿನ ಕಥೆ. 1940ರಿಂದ 1970ರವರೆಗೆ ಈ ಊರಲ್ಲಿ ಜನ ಆಟ ನೋಡಿದ್ದು ಹೇಗೆ? ಯಾರು ನೋಡಿದರು, ಯಾವ ಹೊತ್ತಿನಲ್ಲಿ ನೋಡಿದರು?

ನನ್ನ ವಾದ ಇಷ್ಟು. ಟೆಂಟ್ ಸಿನಿಮಾ ಶುರುವಾಗಬೇಕಾದರೆ ಕತ್ತಲಾಗಬೇಕು. ಡೇರೆ ಬಟ್ಟೆಯೊಳಗೆ ಹಗಲು ಬೆಳಕು ನುಗ್ಗುತ್ತದೆ, ಪರದೆ ಮೇಲೆ ಏನೂ ಕಾಣುವುದಿಲ್ಲ. ಅದಕ್ಕೇ ಟೂರಿಂಗ್ ಟಾಕೀಸಿನಲ್ಲಿ ದಿನಕ್ಕೆ ಎರಡೇ ಆಟ, ಫಸ್ಟ್ ಶೋ ಮತ್ತು ಸೆಕೆಂಡ್ ಶೋ. ಗೋಡೆ, ಚಾವಣಿ ಇರುವ ಪರ್ಮನೆಂಟ್ ಟಾಕೀಸು ಬಂದಮೇಲೆ ಮಧ್ಯಾಹ್ನದ ಆಟ ಸಾಧ್ಯವಾಯಿತು. ಮಧ್ಯಾಹ್ನದ ಆಟ ಬಂದಮೇಲೆ ನೋಡುವ ಜನವೇ ಬದಲಾದರು.

ಅದೇ ಕಾಲಕ್ಕೆ ತುಮಕೂರು ಓದುವ ಹುಡುಗರ ಊರಾಗುತ್ತಿತ್ತು. ಸರ್ಕಾರಿ ಕಾಲೇಜು ಇತ್ತು. ಸಿದ್ಧಗಂಗಾ ಮಠದಲ್ಲಿ ಊಟ, ವಸತಿ ಉಚಿತವಾಗಿ ಸಿಗುತ್ತಿತ್ತು, ಸಾವಿರಾರು ಮಕ್ಕಳು ಅಲ್ಲಿದ್ದುಕೊಂಡು ಓದುತ್ತಿದ್ದರು. 1963ರಲ್ಲಿ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಪಾವಗಡ, ಶಿರಾ, ಮಧುಗಿರಿ, ಕುಣಿಗಲ್ ಕಡೆಯಿಂದ ಬಂದವರು ಪೇಟೆಯಲ್ಲಿ ರೂಮು ಮಾಡಿಕೊಂಡು ಇರುತ್ತಿದ್ದರು. ಈ ಹುಡುಗರು ಇಲ್ಲದೇ ಇದ್ದಿದ್ದರೆ ನಮ್ಮ ಟಾಕೀಸುಗಳ ಮ್ಯಾಟಿನಿ ಇಷ್ಟು ವರ್ಷ ನಡೆಯುತ್ತಿತ್ತಾ? ನನಗಂತೂ ಅನುಮಾನ. ನೋಡಿದವರು, ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.


ಗುಬ್ಬಿ ಗೇಟ್ ಹತ್ತಿರದವಳು

ಅಣ್ಣ, ನೀವು ಟೆಂಟ್ ಸಿನಿಮಾದಿಂದ ಶುರು ಮಾಡಿದಿರಿ. ಅದಕ್ಕೂ ಮುಂಚೆ ನಾಟಕದ ಕಂಪನಿ ಇತ್ತಲ್ಲ? ಪಕ್ಕದಲ್ಲೇ ಗುಬ್ಬಿ. 1884ರಲ್ಲಿ ಅಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಗುಬ್ಬಿ ವೀರಣ್ಣನವರು ಹುಡುಗನಾಗಿದ್ದಾಗಲೇ ಸೇರಿ, ಆಮೇಲೆ ಅದರ ಯಜಮಾನರಾದರು. ಜಿಲ್ಲೆಯ ಜನಕ್ಕೆ ದುಡ್ಡು ಕೊಟ್ಟು, ಟಿಕೆಟ್ ತೆಗೆದುಕೊಂಡು, ದರ್ಜೆ ಪ್ರಕಾರ ಕೂರುವ ಅಭ್ಯಾಸ ಮಾಡಿಸಿದ್ದು ಈ ಕಂಪನಿಗಳೇ. ನೆಲ, ಬೆಂಚು, ಕುರ್ಚಿ ಅನ್ನುವ ಲೆಕ್ಕ ಸಿನಿಮಾದವರು ನಾಟಕದವರಿಂದಲೇ ತೆಗೆದುಕೊಂಡಿದ್ದು.

ಕಂಪನಿ ಒಂದು ಊರಿಗೆ ಬಂದರೆ ತಿಂಗಳುಗಟ್ಟಲೆ ಕ್ಯಾಂಪ್. ಅಡುಗೆಯವರು, ಬಡಗಿಗಳು, ಪರದೆ ಬರೆಯುವವರು, ದರ್ಜಿಗಳು ಎಲ್ಲ ಜೊತೆಗೇ ಬರಬೇಕು. ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಅಂಥ ರಂಗವನ್ನು ಕಟ್ಟಿ, ಬಿಚ್ಚಿ, ರೈಲಿಗೆ ಹಾಕಿ ಇನ್ನೊಂದು ಊರಿಗೆ ಸಾಗಿಸಬೇಕು ಅಂದರೆ ಸಾಮಾನ್ಯ ಮಾತಲ್ಲ.

ಇನ್ನೊಂದು ವಿಷಯ. ಸಿನಿಮಾ ಬಂದು ನಾಟಕವನ್ನು ನುಂಗಿತು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಜಿಲ್ಲೆಯ ಮಟ್ಟಿಗೆ ಅದನ್ನು ಅಷ್ಟು ಸುಲಭವಾಗಿ ಒಪ್ಪಕ್ಕಾಗಲ್ಲ. ವೀರಣ್ಣನವರು ಮೂಕಿ ಚಿತ್ರಗಳ ಕಾಲದಲ್ಲೇ ಸಿನಿಮಾಕ್ಕೆ ಕೈ ಹಾಕಿದ್ದರು. 1954ರ ಬೇಡರ ಕಣ್ಣಪ್ಪ, ಗುಬ್ಬಿ ಕಂಪನಿಯ ನಾಟಕದಿಂದಲೇ ಬಂದ ಚಿತ್ರ. ರಾಜ್‌ಕುಮಾರ್ ಮೊದಲ ಸಲ ನಾಯಕರಾಗಿದ್ದು ಅದರಲ್ಲೇ. ತಿಪಟೂರಿನ ನರಸಿಂಹರಾಜು ತೆರೆಗೆ ಬಂದಿದ್ದೂ ಅದರಲ್ಲೇ. ಇಬ್ಬರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಅಂದರೆ ತುಮಕೂರಿನ ಜನ ಟಾಕೀಸಿಗೆ ಹೋಗಿ ನೋಡಿದ್ದು ತಾವು ರಂಗದ ಮೇಲೆ ನೋಡಿದ್ದ ಮುಖಗಳನ್ನೇ. ಈ ಸುಖ ಬೇರೆ ಎಷ್ಟು ಊರಿಗೆ ಸಿಕ್ಕಿದ್ದೀತು ಹೇಳಿ?


ಹಳೇ ಆಪರೇಟರ್

ನಾನು ಪ್ರೊಜೆಕ್ಟರ್ ಆಪರೇಟರ್ ಆಗಿದ್ದವನು. ಮೊದಲು ಟೆಂಟಿನಲ್ಲಿ, ಆಮೇಲೆ ಪರ್ಮನೆಂಟ್ ಟಾಕೀಸಿನಲ್ಲಿ. ಚಿಕ್ಕಪೇಟೆಯವರು ಕತ್ತಲಿನ ವಿಷಯ ಹೇಳಿದ್ದು ಸರಿ. ಕ್ಯಾಬಿನ್ ಒಳಗಿನ ವಿಷಯ ನಾನು ಹೇಳುತ್ತೇನೆ.

ಆಗ ಬಲ್ಬ್ ಇರಲಿಲ್ಲ, ಕಾರ್ಬನ್ ಕಡ್ಡಿಗಳು. ಒಂದು ಪಾಸಿಟಿವ್, ಒಂದು ನೆಗೆಟಿವ್. ಎರಡರ ತುದಿ ಮುಟ್ಟಿಸಿ ಸ್ವಲ್ಪ ಬಿಡಿಸಿದರೆ ಮಧ್ಯೆ ಬೆಂಕಿ ಹತ್ತಿ ಬೆಳ್ಳನೆ ಉರಿಯುತ್ತದೆ. ಬರಿಗಣ್ಣಿನಲ್ಲಿ ನೋಡುವ ಹಾಗಿಲ್ಲ, ಪಕ್ಕದಲ್ಲಿ ಕಪ್ಪು ಗಾಜಿನ ಕಿಂಡಿ ಇರುತ್ತದೆ, ಅದರಲ್ಲಿ ನೋಡಬೇಕು. ಕಡ್ಡಿ ಉರಿದ ಹಾಗೆ ಕರಗುತ್ತದೆ, ಅಂತರ ಹೆಚ್ಚಾಗುತ್ತದೆ. ಆಗ ಪರದೆ ಮೇಲೆ ಚಿತ್ರ ಮಬ್ಬಾಗುತ್ತದೆ. ಹಿಡಿ ತಿರುಗಿಸುತ್ತಾ ಕಡ್ಡಿಗಳನ್ನು ಹತ್ತಿರ ತರುತ್ತಲೇ ಇರಬೇಕು. ಮೂರು ಗಂಟೆ ಪಿಕ್ಚರ್ ಅಂದರೆ ಮೂರು ಗಂಟೆಯೂ ಅದೇ ಕೆಲಸ. ಮರೆತರೆ ಕೆಳಗಿಂದ ಶಿಳ್ಳೆ ಶುರು.

35 ಮಿಲಿಮೀಟರ್ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷಕ್ಕೆ ಖಾಲಿ. ಹದಿನಾರು ಸಾವಿರ ಅಡಿ ಪಿಕ್ಚರ್ ಅಂದರೆ ಹದಿನಾರು ರೀಲು. ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರ್. ರೀಲು ಮುಗಿದಾಗಲೆಲ್ಲ ಲೈಟ್ ಹಾಕಿ, ಇನ್ನೊಂದು ರೀಲು ಏರಿಸಬೇಕು. ಆ ಬಿಡುವಿನಲ್ಲಿ ಕಡಲೆಕಾಯಿ ಮಾರುವವನಿಗೆ ವ್ಯಾಪಾರ.

ಪರ್ಮನೆಂಟ್ ಟಾಕೀಸಿನಲ್ಲಿ ಎರಡು ಪ್ರೊಜೆಕ್ಟರ್. ರೀಲು ಮುಗಿಯಲು ಕೆಲವು ಸೆಕೆಂಡ್ ಇರುವಾಗ ಪರದೆಯ ಬಲ ಮೇಲ್ತುದಿಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಅದನ್ನು ನೋಡಿ ಇನ್ನೊಂದು ಮೆಷಿನ್ನಿನ ಮೋಟಾರ್ ಹಾಕಬೇಕು. ಎರಡನೇ ಚುಕ್ಕೆ ಬಂದ ತಕ್ಷಣ ಇದನ್ನು ಮುಚ್ಚಿ ಅದನ್ನು ತೆರೆಯಬೇಕು. ಕೆಳಗೆ ಕೂತವರಿಗೆ ಗೊತ್ತೇ ಆಗಬಾರದು. ಗೊತ್ತಾಗದ ಹಾಗೆ ಮಾಡಿದರೆ ಒಳ್ಳೇ ಆಪರೇಟರ್ ಅಂತ ಹೆಸರು. ಈ ಕೆಲಸವನ್ನು ನಾನು ತುಂಬಾ ಪ್ರೀತಿಯಿಂದ ಮಾಡಿದೆ.

ಉಳಿದ ಕಾರ್ಬನ್ ಚೂರು, ತುಂಡು ಫಿಲಂ ಕೇಳಿಕೊಂಡು ಹುಡುಗರು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಹಾಳಾದ ಬಲ್ಬಿಗೆ ನೀರು ತುಂಬಿಸಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಮನೆ ಗೋಡೆ ಮೇಲೆ ಫಿಲಂ ಚೂರು ಬಿಡುತ್ತಿದ್ದರು. ತುಮಕೂರಿನ ಎಷ್ಟೋ ಮನೆಗಳಲ್ಲಿ ಮೊದಲ ಸಿನಿಮಾ ಬಂದಿದ್ದು ಹಾಗೆ.


ಕ್ಯಾತ್ಸಂದ್ರದ ಅಜ್ಜಿ

ಮೊಮ್ಮಗಳು ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ.

ಹುಡುಗರಿಂದಲೇ ಮ್ಯಾಟಿನಿ ನಡೆಯಿತು ಅಂದಿದ್ದೀರಿ. ಹೆಂಗಸರನ್ನು ಬಿಟ್ಟೇಬಿಟ್ಟಿರಲ್ಲ? ಟೆಂಟಿನಲ್ಲಿ ಹೆಂಗಸರಿಗೆ ಒಂದು ಕಡೆ ಜಾಗ. ಮಧ್ಯೆ ಗಿಡ್ಡ ಗೋಡೆ, ಇಲ್ಲದಿದ್ದರೆ ತಡಿಕೆ. ಕೆಳಗೆ ಮರಳು. ಮುಂದೆ ಎತ್ತರದವರು ಕೂತರೆ ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದೆವು. ಆದರೆ ರಾತ್ರಿ ಆಟಕ್ಕೆ ಹೋಗಬೇಕಾದರೆ ಗಂಡಸರು ಯಾರಾದರೂ ಜೊತೆಗೆ ಬರಬೇಕು. ಅವರಿಗೆ ಪುರುಸೊತ್ತು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮ್ಯಾಟಿನಿ ಬಂದಮೇಲೆ ಹಾಗಲ್ಲ. ಬೆಳಿಗ್ಗೆ ಅಡುಗೆ ಮುಗಿಸಿ, ಗಂಡಸರನ್ನು ಆಫೀಸಿಗೆ ಕಳಿಸಿ, ಓರಗಿತ್ತಿಯರು, ಅಕ್ಕಪಕ್ಕದ ಮನೆಯವರು ಸೇರಿಕೊಂಡು ಹೋಗುತ್ತಿದ್ದೆವು. ದೀಪ ಹಚ್ಚುವ ಹೊತ್ತಿಗೆ ವಾಪಸ್. ಯಾರನ್ನೂ ಕೇಳಬೇಕಾಗಿರಲಿಲ್ಲ. ಹೆಂಗಸರಿಗೆ ಟಿಕೆಟ್ ಕಿಟಕಿ ಬೇರೆ ಇತ್ತು, ಕ್ಯೂ ಬೇರೆ ಇತ್ತು. ಕಾಲೇಜು ಹುಡುಗರು ತಮ್ಮ ಕ್ಯೂ ಉದ್ದ ಇದೆ ಅಂತ ನಮ್ಮ ಹತ್ತಿರ ಬಂದು, ಅಕ್ಕಾ ನಮಗೂ ಎರಡು ತೆಗೆದುಕೊಡಿ ಅಂತ ಚಿಲ್ಲರೆ ಕೊಡುತ್ತಿದ್ದರು. ತೆಗೆದುಕೊಡುತ್ತಿದ್ದೆವು.

ದೇವರ ಪಿಕ್ಚರ್ ಬಂದರೆ ಮನೆಯಲ್ಲಿ ಯಾರೂ ಬೇಡ ಅನ್ನುತ್ತಿರಲಿಲ್ಲ. ಅದಕ್ಕೇ ಆಗ ಅಷ್ಟೊಂದು ಪೌರಾಣಿಕ ಪಿಕ್ಚರ್ ಓಡಿದ್ದು ಅಂತ ನನಗೆ ಅನ್ನಿಸುತ್ತದೆ. ಸೊಸೆಯರಿಗೆ ಹೊರಗೆ ಹೋಗಲು ಅದೊಂದು ದಾರಿ.


ಚಿಕ್ಕಪೇಟೆಯವನು

ಅಜ್ಜಿ, ನೀವು ಹೇಳಿದ್ದು ಈ ಇಡೀ ಚರ್ಚೆಗೆ ತೂಕ ತಂದಿತು. ಮೊಮ್ಮಗಳಿಗೆ ಥ್ಯಾಂಕ್ಸ್ ಹೇಳಿ. ಒಂದು ಕೇಳಬೇಕು. ಹೆಂಗಸರ ಜಾಗ ಬಾಲ್ಕನಿಯಲ್ಲಿತ್ತಾ, ಕೆಳಗಿತ್ತಾ?


ಕ್ಯಾತ್ಸಂದ್ರದ ಅಜ್ಜಿ

ಕೆಳಗೇ ಒಂದು ಪಕ್ಕಕ್ಕಪ್ಪ. ಬಾಲ್ಕನಿ ದುಡ್ಡಿದ್ದವರಿಗೆ. ಗಂಡ ಹೆಂಡತಿ ಒಟ್ಟಿಗೆ ಕೂರುತ್ತಿದ್ದಿದ್ದು ಅಲ್ಲಿ ಮಾತ್ರ. ಹೊಸದಾಗಿ ಮದುವೆಯಾದವರು ಅಂದರೆ ಆ ಒಂದು ಸಲ ಬಾಲ್ಕನಿ.


ಕೋರ್ಟ್ ರಸ್ತೆ ಸಾರ್

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ವಿದ್ಯಾರ್ಥಿಗಳ ಕೈಯಲ್ಲಿ ಆಗ ದುಡ್ಡು ಎಲ್ಲಿತ್ತು? ಊರಿಂದ ತಂದ ರಾಗಿಹಿಟ್ಟು, ಹುರುಳಿಕಾಳಲ್ಲಿ ತಿಂಗಳು ತಳ್ಳುವವರು ವಾರವಾರ ಮ್ಯಾಟಿನಿಗೆ ಹೋಗುತ್ತಿದ್ದರು ಅಂದರೆ ನಾನು ಒಪ್ಪುವುದಿಲ್ಲ. ಮಠದ ಹುಡುಗರಂತೂ ಬೆಳಗಿನ ಜಾವದಿಂದ ರಾತ್ರಿ ಪ್ರಾರ್ಥನೆವರೆಗೆ ಶಿಸ್ತಿನಲ್ಲಿದ್ದವರು. ಅವರನ್ನು ಈ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ.

ತುಮಕೂರು ಜಿಲ್ಲಾ ಕೇಂದ್ರ. ಕೋರ್ಟು, ಕಚೇರಿ, ಆಸ್ಪತ್ರೆ, ಮಂಡಿ ಎಲ್ಲ ಇಲ್ಲಿ. ವಾಯಿದೆಗೆ ಅಂತ ಬೆಳಿಗ್ಗೆ ಬಸ್ಸಿಗೆ ಬಂದವನ ಕೇಸು ಹನ್ನೆರಡಕ್ಕೆ ಮುಂದಕ್ಕೆ ಹೋಗುತ್ತದೆ. ಊರಿನ ಬಸ್ಸು ಸಂಜೆಗೆ. ನಡುವೆ ಏನು ಮಾಡಬೇಕು? ಹೋಟೆಲಿನಲ್ಲಿ ಊಟ, ಆಮೇಲೆ ಮ್ಯಾಟಿನಿ. ಕೊಬ್ಬರಿ, ಕಡಲೆಕಾಯಿ ಮಾರಲು ಬಂದ ರೈತನೂ ಹಾಗೇ. ನಮ್ಮ ತಂದೆ ಕೋರ್ಟಿನಲ್ಲಿ ಗುಮಾಸ್ತರಾಗಿದ್ದರು. ಕಕ್ಷಿದಾರ ಎಲ್ಲಪ್ಪಾ ಅಂದರೆ ಟಾಕೀಸಿಗೆ ಹೋಗಿದ್ದಾನೆ ಸ್ವಾಮಿ ಅನ್ನುವ ಉತ್ತರ ಅಲ್ಲಿ ಮಾಮೂಲು.


ಹಳೇ ವಿದ್ಯಾರ್ಥಿ

ಕೋರ್ಟ್ ರಸ್ತೆ ಸಾರ್, ನಿಮ್ಮ ಮಾತಲ್ಲಿ ಅರ್ಧ ಒಪ್ಪುತ್ತೇನೆ. ದುಡ್ಡಿರಲಿಲ್ಲ, ನಿಜ. ಆದರೆ ನೆಲದ ಟಿಕೆಟ್ ಇತ್ತಲ್ಲ, ಪರದೆಯ ಮುಂದೆ. ಒಂದು ಹೊತ್ತು ಕಾಫಿ, ತಿಂಡಿ ಬಿಟ್ಟರೆ ಆಗುತ್ತಿತ್ತು. ನಾನು 1960ರ ದಶಕದಲ್ಲಿ ಇಲ್ಲಿ ಓದಿದವನು. ಲ್ಯಾಬ್ ಇಲ್ಲದ ಆರ್ಟ್ಸ್ ಹುಡುಗರಿಗೆ ಎರಡು ಗಂಟೆ ಮೇಲೆ ಕೆಲಸ ಇರುತ್ತಿರಲಿಲ್ಲ. ರೂಮಲ್ಲಿ ತಗಡಿನ ಮಾಡು, ಕೂರಕ್ಕಾಗದ ಸೆಕೆ. ಟಾಕೀಸಿನಲ್ಲಿ ಫ್ಯಾನ್ ಇತ್ತು.

ಇನ್ನೊಂದು ಹೇಳಬೇಕು. ಪಿಕ್ಚರ್ ಶುರುವಾಗುವ ಮುಂಚೆ ಫಿಲಂಸ್ ಡಿವಿಷನ್ ನ್ಯೂಸ್‌ರೀಲ್ ಹಾಕಲೇಬೇಕಿತ್ತು. ಜನ ಬೇಜಾರು ಮಾಡಿಕೊಂಡು ಹೊರಗೆ ಬೀಡಿ ಸೇದುತ್ತಿದ್ದರು. ನನ್ನಂಥ ಹಳ್ಳಿ ಹುಡುಗ ಅಣೆಕಟ್ಟು, ವಿಮಾನ, ನೆಹರೂ ಭಾಷಣ, ಕ್ರಿಕೆಟ್ ಎಲ್ಲ ಮೊದಲು ನೋಡಿದ್ದು ಅದರಲ್ಲೇ. ಪರೀಕ್ಷೆಗೆ ಓದಿದ್ದಕ್ಕಿಂತ ಜಾಸ್ತಿ ಅದು ತಲೆಯಲ್ಲಿ ಉಳಿದಿದೆ.

ಇನ್ನು ಮಠದ ವಿಷಯ. ಆಟ ಅಲ್ಲಿಗೇ ಬರುತ್ತಿತ್ತು ಸಾರ್. ಶಿವರಾತ್ರಿ ಹೊತ್ತಿಗೆ ಜಾತ್ರೆ, ದನಗಳ ಜಾತ್ರೆ, ವಸ್ತುಪ್ರದರ್ಶನ, ರಾತ್ರಿಯೆಲ್ಲ ನಾಟಕ. ಓದುವ ಹುಡುಗರು ಅಲ್ಲಿ ನೋಡುತ್ತಿದ್ದರು, ಪಾತ್ರವನ್ನೂ ಮಾಡುತ್ತಿದ್ದರು.


ಪಾವಗಡದವನು

ನಮ್ಮ ಕಡೆಯ ಒಂದು ಸಾಲು ಸೇರಿಸಿಕೊಳ್ಳಿ. ಪಾವಗಡ, ಮಧುಗಿರಿ ಕಡೆ ಮನೆಮಾತು ಎಷ್ಟೋ ಜನಕ್ಕೆ ತೆಲುಗು. 1950ರ ದಶಕದಲ್ಲಿ ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ಟಾಕೀಸು ವರ್ಷಪೂರ್ತಿ ನಡೆಯಬೇಕಲ್ಲ? ತೆಲುಗು, ತಮಿಳು, ಹಿಂದಿ ಚಿತ್ರಗಳೇ ಆ ಜಾಗ ತುಂಬಿದ್ದು. 1960ರ ದಶಕದಲ್ಲಿ ಸಾಹಿತಿ ಅನಕೃ ಅವರಂಥವರು ಕನ್ನಡಕ್ಕೆ ಜಾಗ ಬೇಕು, ಡಬ್ಬಿಂಗ್ ಬೇಡ ಅಂತ ಬೀದಿಗಿಳಿದಾಗ ತುಮಕೂರಿನ ಹುಡುಗರಿಗೆ ಅದು ದೂರದ ಸುದ್ದಿಯಾಗಿರಲಿಲ್ಲ. ಯಾವ ಟಾಕೀಸಲ್ಲಿ ಯಾವ ಭಾಷೆ ಅನ್ನುವುದು ದಿನದ ಜಗಳ. ನಾನು ತೆಲುಗು ಚಿತ್ರ ನೋಡಿಯೇ ಬೆಳೆದವನು. ಕನ್ನಡ ಚಿತ್ರಕ್ಕೆ ಒಳ್ಳೇ ವಾರಗಳು ಸಿಗಬೇಕು ಅನ್ನುವುದನ್ನೂ ಆಗಲೇ ಒಪ್ಪಿದ್ದೆ.


ತಿಪಟೂರು ಕಡೆಯವ

ಗುಬ್ಬಿ ಗೇಟ್ ಅಕ್ಕ ಹೇಳಿದ ಹಾಗೆ ನಾಟಕ ಸತ್ತಿಲ್ಲ. ನಮ್ಮ ಕಡೆ ಮೂಡಲಪಾಯ ಯಕ್ಷಗಾನ ಅಂತ, ಬಯಲುಸೀಮೆಯ ಯಕ್ಷಗಾನ ಇದೆ. ಅದರ ಮೇಲೆ ಕಂಪನಿ ನಾಟಕದ ಹಾರ್ಮೋನಿಯಂ ಬಂದು ಕೂತಿತು. ಈಗಲೂ ತುಮಕೂರು ಸುತ್ತ ಯಾವ ಹಳ್ಳಿಗೆ ಹೋದರೂ ಬೇಸಿಗೆಯಲ್ಲಿ ಪೌರಾಣಿಕ ನಾಟಕದ ಪ್ರಾಕ್ಟೀಸ್ ಕೇಳುತ್ತದೆ. ಡ್ರಾಮಾ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರ ಮಾಡುವವರೇ ದುಡ್ಡು ಹಾಕುತ್ತಾರೆ. ದುರ್ಯೋಧನ, ಕೃಷ್ಣನ ಪಾತ್ರಕ್ಕೆ ಜಾಸ್ತಿ, ದ್ವಾರಪಾಲಕನಿಗೆ ಕಡಿಮೆ. ಸೀನರಿ, ಡ್ರೆಸ್ಸು, ಲೈಟು ಎಲ್ಲ ಬಾಡಿಗೆಗೆ ಬರುತ್ತದೆ. ರಾತ್ರಿ ಶುರುವಾದರೆ ಬೆಳಗಾಗಬೇಕು.

ಟಾಕೀಸಿನ ಕಥೆ ಬರೆಯುವವರು ಇದನ್ನು ಬಿಡಬೇಡಿ. ಇವರು ಹಾಡುವ ಮಟ್ಟುಗಳು ಕಂಪನಿಯಿಂದ ಬಂದಿದ್ದು. ಹೊಡೆಯುವ ಡೈಲಾಗಿನ ಏರಿಳಿತ ಮಾತ್ರ ಟಾಕೀಸಿನಿಂದ ಬಂದಿದ್ದು. ಎರಡೂ ಹಳ್ಳಿಯ ರಂಗದ ಮೇಲೆ ಒಟ್ಟಿಗೆ ಸೇರಿವೆ.


ಇತಿಹಾಸದ ಮೇಷ್ಟ್ರು

ನೆನಪುಗಳು ಬರಲಿ, ಅದು ಬೇಕೇ ಬೇಕು. ಜೊತೆಗೆ ಕಾಲ ಗುರುತಿಸುವ ಕೆಲಸವೂ ಆಗಬೇಕು. ಎಂಬತ್ತು ದಾಟಿದವರು ಅರವತ್ತು ವರ್ಷದ ಹಿಂದಿನದನ್ನು ಹೇಳುವಾಗ ನಾಲ್ಕೈದು ವರ್ಷ ಆಚೀಚೆ ಆಗುವುದು ಸಹಜ. ಕೈಯಲ್ಲಿರುವ ಕಾಗದ ಅದನ್ನು ಸರಿಪಡಿಸುತ್ತದೆ.

ಟಿಕೆಟ್ ತುಂಡು ಸಿಕ್ಕರೆ ಮೊದಲು ದರ ನೋಡಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ ಬಂತು. ಬರೀ ಆಣೆ ಇದ್ದರೆ ಅದಕ್ಕಿಂತ ಹಿಂದಿನದು ಅಂತ ಹೆಚ್ಚುಕಡಿಮೆ ಹೇಳಬಹುದು. ನ.ಪೈ. ಅಂತ ಇದ್ದರೆ 1957ರಿಂದ 1964ರ ಒಳಗೆ, ಯಾಕೆಂದರೆ 1964ರ ಜೂನ್‌ನಲ್ಲಿ ನಯಾ ಅನ್ನುವುದು ಹೋಗಿ ಬರೀ ಪೈಸೆ ಆಯಿತು. ದರ 19, 31, 37, 62 ಅಂತ ವಿಚಿತ್ರವಾಗಿದ್ದರೆ ಅದು ಹಳೇ ಆಣೆ ದರವನ್ನೇ ಪೈಸೆಗೆ ತಿರುಗಿಸಿದ್ದು. ಮೂರಾಣೆಗೆ 19, ಐದಾಣೆಗೆ 31, ಆರಾಣೆಗೆ 37, ಹತ್ತಾಣೆಗೆ 62. ಮೈಸೂರು ಸರ್ಕಾರ ಅಂತ ಮುದ್ರೆ ಇದ್ದರೆ 1973ರ ನವೆಂಬರ್‌ಗಿಂತ ಮುಂಚಿನದು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ಆದಮೇಲಿನದು.

ಎರಡನೆಯದು ಲೈಸೆನ್ಸ್. 1964ರ ಸಿನಿಮಾ ನಿಯಂತ್ರಣ ಕಾಯ್ದೆ ಪ್ರಕಾರ ಟಾಕೀಸಿಗೆ ಲೈಸೆನ್ಸ್ ಕೊಡುವುದು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಡಿಸಿ ಆಫೀಸು. ಕಟ್ಟಡದ ನಕ್ಷೆ, ಎಷ್ಟು ಸೀಟು, ಬೆಂಕಿ ಆರಿಸುವ ವ್ಯವಸ್ಥೆ, ಕ್ಯಾಬಿನ್ ಅಳತೆ ಎಲ್ಲ ಆ ಫೈಲಿನಲ್ಲಿ ಇರಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ಅಜ್ಜಿಯವರು ಹೇಳಿದ ಹೆಂಗಸರ ಟಿಕೆಟ್ ಕಿಟಕಿ ನಕ್ಷೆಯಲ್ಲಿ ಸಿಕ್ಕರೆ ಅದಕ್ಕಿಂತ ಖುಷಿ ನನಗೆ ಇನ್ನೊಂದಿಲ್ಲ.

ಕ್ಯಾಬಿನ್ ಯಾಕೆ ಅಷ್ಟು ಮುಖ್ಯ ಅಂದರೆ, 1950ರ ದಶಕದ ಶುರುವಿನವರೆಗೆ ಬರುತ್ತಿದ್ದ ನೈಟ್ರೇಟ್ ಫಿಲಂ ಬೇಗ ಹತ್ತಿಕೊಳ್ಳುತ್ತಿತ್ತು. ಒಮ್ಮೆ ಹತ್ತಿದರೆ ನೀರಿಗೂ ಆರುವುದಿಲ್ಲ. ಹಳೇ ಟಾಕೀಸುಗಳ ಕ್ಯಾಬಿನ್ ದಪ್ಪ ಗೋಡೆ, ಸಣ್ಣ ಕಿಂಡಿ, ಕಬ್ಬಿಣದ ಬಾಗಿಲು ಇಟ್ಟುಕೊಂಡು ಕೋಟೆಯ ಹಾಗೆ ಇರುವುದು ಅದಕ್ಕೇ. ಕಟ್ಟಡ ಒಡೆಯುವ ಮುಂಚೆ ಅದರ ಫೋಟೋ ತೆಗೆದಿಡಿ ಅಂತ ಎಲ್ಲರಿಗೂ ಕೇಳಿಕೊಳ್ಳುತ್ತೇನೆ.


ಹಳೇ ಆಪರೇಟರ್

ಮೇಷ್ಟ್ರು ಹೇಳಿದ ಹಾಗೇ ಸಾರ್. ಕಿಂಡಿಗೆ ಒಂದು ಕಬ್ಬಿಣದ ತಗಡು ನೇತಾಡುತ್ತಿತ್ತು. ಒಳಗೆ ಬೆಂಕಿ ಬಿದ್ದರೆ ದಾರ ಬಿಟ್ಟು ತಗಡು ಕೆಳಗಿಳಿಸಬೇಕು, ಬೆಂಕಿ ಜನರ ಕಡೆ ಹೋಗಬಾರದು ಅಂತ. ಒಳಗಿರುವ ಆಪರೇಟರ್ ಹಿಂದಿನ ಬಾಗಿಲಿಂದ ಓಡಬೇಕು. ಆ ಬಾಗಿಲು ಹೊರಗಡೆಗೇ ತೆರೆಯುವ ಹಾಗೆ ಇರಬೇಕು ಅಂತ ನಮ್ಮ ಗುರುಗಳು ಮೊದಲ ದಿನವೇ ತೋರಿಸಿಕೊಟ್ಟಿದ್ದರು. ಈಗ ಎಲ್ಲ ಡಿಜಿಟಲ್, ಫಿಲಂ ಪೆಟ್ಟಿಗೆಯೂ ಬರುವುದಿಲ್ಲ. ಒಳ್ಳೆಯದೇ ಆಯಿತು, ಆ ಹೊಗೆ ಕುಡಿಯುವುದು ತಪ್ಪಿತು. ಆದರೆ ಆ ಕೆಲಸ ಮಾಡಿದವರ ಹೆಸರು ಒಂದು ಕಡೆಯಾದರೂ ಉಳಿಯಬೇಕು. ಮಾಲೀಕರ ಹೆಸರು ಕಲ್ಲಿನ ಮೇಲೆ ಇದೆ. ಗೇಟ್ ಕೀಪರ್, ಬುಕಿಂಗ್ ಕ್ಲರ್ಕ್, ಪೋಸ್ಟರ್ ಅಂಟಿಸುವವನು, ಜಟಕಾ ಗಾಡಿಯಲ್ಲಿ ತಮಟೆ ಬಡಿದು ನೋಟೀಸ್ ಹಂಚುತ್ತಿದ್ದವನು, ಇವರದು ಎಲ್ಲಿದೆ?


ಗುಬ್ಬಿ ಗೇಟ್ ಹತ್ತಿರದವಳು

ಅಣ್ಣ, ಅವರ ಹೆಸರುಗಳನ್ನು ನೀವೇ ಹೇಳಿ, ನಾನು ಬರೆದುಕೊಳ್ಳುತ್ತೇನೆ. ಮನೆಗೇ ಬರುತ್ತೇನೆ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳೋಣ. ಅವರ ಮನೆಯವರನ್ನು ಕೇಳಿ, ಒಪ್ಪಿದಮೇಲೆ ಮಾತ್ರ ಹೊರಗೆ ಹಾಕೋಣ. ವೀರಣ್ಣನವರ ಹೆಸರಲ್ಲಿ ಊರಲ್ಲಿ ಕಲಾಕ್ಷೇತ್ರ ಇದೆ. ಅಲ್ಲೇ ಒಂದು ಭಾನುವಾರ ಹಳೇ ಟಿಕೆಟ್, ನೋಟೀಸು, ಫೋಟೋ ಇರುವವರೆಲ್ಲ ಸೇರಬಹುದು ಅಲ್ವಾ?


ಕೋರ್ಟ್ ರಸ್ತೆ ಸಾರ್

ನಾನು ಬರುತ್ತೇನೆ. ತಂದೆಯವರ ಟ್ರಂಕಿನಲ್ಲಿ ಒಂದು ನೋಟೀಸು ಸಿಕ್ಕಿದೆ. ತೆಳು ಗುಲಾಬಿ ಕಾಗದ. ತಾರೀಕು ಇಲ್ಲ, ಶುಕ್ರವಾರದಿಂದ ಅಂತ ಮಾತ್ರ ಇದೆ. ದಿನಾ ಮೂರು ಆಟ ಅಂತ ದಪ್ಪಕ್ಷರದಲ್ಲಿದೆ. ದರ ಆಣೆಯಲ್ಲೂ ಇದೆ, ಪಕ್ಕದಲ್ಲೇ ನ.ಪೈ.ನಲ್ಲೂ ಇದೆ. ಕೊನೆಯ ಸಾಲಿನಲ್ಲಿ ಸ್ತ್ರೀಯರಿಗೆ ಪ್ರತ್ಯೇಕ ಸ್ಥಳ ಉಂಟು ಅಂತ ಇದೆ.


ಇತಿಹಾಸದ ಮೇಷ್ಟ್ರು

ಎರಡೂ ದರ ಒಟ್ಟಿಗೆ ಇದ್ದರೆ ಪೈಸೆ ಹೊಸದಾಗಿ ಬಂದ ಕಾಲದ್ದು, 1957 ಅಥವಾ ಅದರ ಮುಂದಿನ ಕೆಲವು ವರ್ಷ. ಮೂರು ಆಟ ಅಂದರೆ ಆಗಲೇ ಮ್ಯಾಟಿನಿ ಇತ್ತು ಅಂತಾಯಿತು. ಇಂಜಿನಿಯರಿಂಗ್ ಕಾಲೇಜಿಗಿಂತ ಮುಂಚೆ! ಕಾಗದದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು, ಊರು ಇರಬೇಕು, ಅದನ್ನು ಹಾಕಲೇಬೇಕು ಅಂತ 1867ರ ಕಾನೂನು ಆಗ ಜಾರಿಯಲ್ಲಿತ್ತು. ಅದನ್ನು ನೋಡಿ ಹೇಳಿ ಸಾರ್. ಪ್ರೆಸ್ಸು ತುಮಕೂರಿನದೇ ಆಗಿದ್ದರೆ ಅವರ ಹಳೇ ಬಿಲ್ ಪುಸ್ತಕ ಎಲ್ಲಾದರೂ ಇದೆಯಾ ಅಂತ ವಿಚಾರಿಸೋಣ. ನೋಟೀಸನ್ನು ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ. ಎರಡೂ ಕಡೆ ಫೋಟೋ ತೆಗೆದು, ಬಿಳಿ ಕಾಗದದ ಮಧ್ಯೆ ಮಡಚದೆ ಇಡಿ.